ಚಿತ್ರಸಂತೆಯಲ್ಲಿ ಕೊಂಡ ಪೇಂಟಿಂಗ್: ಗೋಡೆ ಮೇಲೆ ಒಂದು ವರ್ಷ ಇದ್ದ ಮೇಲೆ

ಕಳೆದ ವರ್ಷ ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಿಂದ ಒಂದು ಪೇಂಟಿಂಗ್ ತಂದೆ. ಬೆಲೆ 18,000 ರೂಪಾಯಿ. ಮೂರು ಅಡಿ ಅಗಲ, ನಾಲ್ಕು ಅಡಿ ಎತ್ತರ, ಕ್ಯಾನ್ವಾಸ್ ಮೇಲೆ ಅಕ್ರಿಲಿಕ್ ಬಣ್ಣ. ಮಿಕ್ಸಿ, ಫ್ರಿಜ್ ತಂದವರು ವರ್ಷ ಬಳಸಿ ನೋಡಿ ಹೇಗಿದೆ ಅಂತ ನಾಲ್ಕು ಜನರಿಗೆ ಹೇಳುತ್ತಾರೆ. ಪೇಂಟಿಂಗ್ ಬಗ್ಗೆ ಯಾರೂ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮನೆಗೆ ಒಂದು ಅಮೂರ್ತ ಚಿತ್ರ ತರೋದಾ ಬೇಡವಾ ಅಂತ ಯೋಚನೆ ಮಾಡುತ್ತಿರುವವರಿಗೆ ಉಪಯೋಗಕ್ಕೆ ಬರಬಹುದು. ಬರೆದ ಹುಡುಗಿಯ ಹೆಸರು ಇಲ್ಲಿ ಹಾಕುತ್ತಿಲ್ಲ. ಅವಳನ್ನು ಕೇಳಿಲ್ಲ, ಕೇಳದೆ ಹಾಕೋದು ಸರಿಯಲ್ಲ.

ಮೊದಲು ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು 33 ವರ್ಷ ಒಂದು ಕಚೇರಿಯ ಡ್ರಾಯಿಂಗ್ ಶಾಖೆಯಲ್ಲಿ ಟ್ರೇಸರ್ ಆಗಿದ್ದೆ. ಈಗಿನವರಿಗೆ ಆ ಕೆಲಸ ಗೊತ್ತಿಲ್ಲ. ಎಂಜಿನಿಯರು ಪೆನ್ಸಿಲಿನಲ್ಲಿ ಬಡಾವಣೆಯ ನಕ್ಷೆ ಹಾಕುತ್ತಾರೆ. ಅದರ ಮೇಲೆ ಟ್ರೇಸಿಂಗ್ ಪೇಪರ್ ಹರಡಿ, ನಾಲ್ಕೂ ಮೂಲೆಗೆ ಟೇಪ್ ಹಚ್ಚಿ, ಇಂಕ್ ಪೆನ್ನಿನಲ್ಲಿ ಗೆರೆ ಎಳೆಯೋದು ನಮ್ಮ ಕೆಲಸ. ರಸ್ತೆಗೆ 0.5 ಪೆನ್ನು, ಸೈಟಿನ ಗಡಿಗೆ 0.2. ಮೂವತ್ತು ನಲವತ್ತರ ಸೈಟುಗಳು, ಒಂದರ ಪಕ್ಕ ಒಂದು, ಸಾಲಿಗೆ ಸಾಲು. ಆಮೇಲೆ ಅದಕ್ಕೆ ಅಮೋನಿಯ ಪ್ರಿಂಟ್ ತೆಗೆಯುತ್ತಿದ್ದರು. ಕೋಣೆಯೆಲ್ಲ ಆ ಘಾಟು. ಗೆರೆ ಎಲ್ಲಿ ಶುರುವಾಗಬೇಕೋ ಅಲ್ಲಿ ಶುರುವಾಗಬೇಕು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಬೇಕು, ನಡುವೆ ಕೈ ನಡುಗಬಾರದು. ನನ್ನ ಗೆರೆ ನೇರ ಅಂತ ಶಾಖೆಯಲ್ಲಿ ಹೆಸರಿತ್ತು. ಅದರ ಬಗ್ಗೆ ನನಗೆ ಈಗಲೂ ಹೆಮ್ಮೆ ಇದೆ.

ಚಿತ್ರಸಂತೆಗೆ ಹೋಗಿದ್ದು ಏನನ್ನೂ ಕೊಳ್ಳೋಕಲ್ಲ. ಸೊಸೆ, ಮೊಮ್ಮಗಳ ಜೊತೆ ಸುಮ್ನೆ ಹೋಗಿದ್ದು. ಆ ಭಾನುವಾರ ರಸ್ತೆಯಲ್ಲಿ ಗಾಡಿ ಬಿಡೋದಿಲ್ಲ. ಎರಡೂ ಕಡೆ ಫುಟ್‌ಪಾತ್ ಉದ್ದಕ್ಕೂ ಚಿತ್ರಗಳು. ಗಣಪತಿ, ಕುದುರೆ, ಹಂಪಿಯ ರಥ, ಮಳೆಯಲ್ಲಿ ಕೊಡೆ ಹಿಡಿದ ಹುಡುಗಿ. ಶಿವಾನಂದ ಸರ್ಕಲ್ ಕಡೆ ನಡೆಯುತ್ತಾ ಒಂದು ಮರದ ಬುಡದಲ್ಲಿ ಈ ಚಿತ್ರ ಕಂಡಿತು. ಬಿಳಿ ಹಿನ್ನೆಲೆ, ಅದರ ಮೇಲೆ ಕಪ್ಪು ಚೌಕುಳಿ. ಉದ್ದಕ್ಕೆ ಏಳು ಗೆರೆ, ಅಡ್ಡಕ್ಕೆ ಒಂಬತ್ತು. ಕೆಲವು ಮನೆಗಳಲ್ಲಿ ಕೆಂಪು, ಹಳದಿ ತುಂಬಿದೆ. ನನ್ನ ಕಣ್ಣು ಹೋಗಿದ್ದು ತಪ್ಪಿನ ಕಡೆಗೇ. ಗೆರೆಗಳ ಅಂಚು ಹರಿದಿತ್ತು. ಮಾಸ್ಕಿಂಗ್ ಟೇಪ್ ಅಂಟಿಸಿ ಬಣ್ಣ ಹೊಡೆದಾಗ ಟೇಪಿನ ಅಡಿಗೆ ಬಣ್ಣ ನುಗ್ಗಿ ಸಣ್ಣ ಸಣ್ಣ ಹಲ್ಲುಗಳ ಹಾಗೆ ಆಗಿತ್ತು.

"ಏನಮ್ಮಾ, ಗೆರೆ ಸೋರಿದೆಯಲ್ಲ" ಅಂದೆ.

"ಗೊತ್ತು ಆಂಟಿ. ಬೇಕಂತಲೇ ಬಿಟ್ಟಿದ್ದೇನೆ" ಅಂದಳು ಹುಡುಗಿ. ಇಪ್ಪತ್ತೈದು ಇಪ್ಪತ್ತಾರು ವಯಸ್ಸಿರಬಹುದು. ಸ್ಟೀಲ್ ಡಬ್ಬಿಯಲ್ಲಿ ಚಿತ್ರಾನ್ನ ತಿನ್ನುತ್ತಿದ್ದಳು.

ಬೇಕಂತಲೇ ಬಿಟ್ಟಿದ್ದೇನೆ ಅಂದರೆ ನನಗೆ ಒಪ್ಪಿಗೆಯಾಗುವ ಮಾತಲ್ಲ. ಹೊರಡೋಕೆ ತಿರುಗಿದೆ. ಆಗ ಬಿಸಿಲು ಎಲೆಗಳ ನಡುವಿಂದ ಓರೆಯಾಗಿ ಬಿತ್ತು, ಬಿಳಿಯ ಒಳಗೆ ಇನ್ನೊಂದು ಕಂಡಿತು. ಮೇಲೆ ಬಲಗಡೆಯಿಂದ ಕೆಳಗೆ ಎಡಗಡೆಗೆ ಒಂದು ಬಳುಕಿದ ಪಟ್ಟಿ. ಅಲ್ಲಿ ಬಿಳಿ ಬಣ್ಣವನ್ನು ಕೆರೆದು ತೆಗೆದಿದ್ದಳು. ಕೆರೆದ ಕಡೆ ಅಡಿಯಿಂದ ನೀಲಿ, ನೀಲಿಗೂ ಅಡಿಯಿಂದ ಮಣ್ಣಿನ ಬಣ್ಣ ಇಣುಕುತ್ತಿತ್ತು. ಆ ಪಟ್ಟಿ ಚೌಕುಳಿಯ ಲೆಕ್ಕಕ್ಕೆ ಸಿಗದೆ ತನ್ನ ಪಾಡಿಗೆ ಹರಿದುಕೊಂಡು ಹೋಗಿತ್ತು.

ನಾನು ಬಗ್ಗಿ ನೋಡಿದೆ. ಕೆರೆದಿದ್ದು ಬ್ಲೇಡಿನಲ್ಲಿ. ಅದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಟ್ರೇಸಿಂಗ್ ಪೇಪರಿನ ಇಂಕ್ ರಬ್ಬರಿಗೆ ಹೋಗೋದಿಲ್ಲ. ಶೇವಿಂಗ್ ಬ್ಲೇಡನ್ನು ಅರ್ಧಕ್ಕೆ ಮುರಿದು, ಮೆಲ್ಲಗೆ, ಒಂದೇ ದಿಕ್ಕಿನಲ್ಲಿ ಕೆರೆಯಬೇಕು. ಕಪ್ಪು ಪುಡಿ ಏಳುತ್ತದೆ. ಅದನ್ನು ಊದಿ, ಉಗುರಿನ ಬೆನ್ನಿನಿಂದ ಉಜ್ಜಿ ನುಣುಪು ಮಾಡಿ, ಅಲ್ಲೇ ಹೊಸ ಗೆರೆ ಎಳೆಯಬೇಕು. ನಕ್ಷೆ ಬದಲಾದಾಗೆಲ್ಲ ಇದೇ ಕೆಲಸ. ನಾನು ಕೆರೆದ ಗೆರೆಗಳಲ್ಲಿ ಮನೆಗಳ ಗಡಿ ಇತ್ತು, ರಸ್ತೆ ಇತ್ತು. ಕೆಲವು ಸಲ ಕಾಲುವೆ ಇತ್ತು. ಒಂದು ಸಲ ಒಂದು ಸಣ್ಣ ಕೆರೆಯ ಅಂಚು. ಕೆರೆಯನ್ನು ಕೆರೆದು ತೆಗೆದೆ. ಆ ಹೊತ್ತಿಗೆ ನನಗೆ ಏನೂ ಅನಿಸಲಿಲ್ಲ. ಕಾಗದ ತೂತಾಗಬಾರದು ಅನ್ನೋದೊಂದೇ ಚಿಂತೆ.

ಆ ಹುಡುಗಿ ಅದನ್ನು ತಿರುಗಾ ಕೆರೆದು ಹೊರಗೆ ತಂದಿದ್ದಳು. ಬೆಲೆ ಕೇಳಿದೆ. ಚೌಕಾಸಿ ಮಾಡಲಿಲ್ಲ.

ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕ ಒಂದು ಬಡಾವಣೆಯ ಪ್ರಿಂಟ್ ಇಟ್ಟುಕೊಂಡು ಈ ಚಿತ್ರ ಶುರು ಮಾಡಿದಳಂತೆ. ಅರ್ಧ ಗಂಟೆ ಕೂತು ಹೇಳಿದಳು. ಮಾಂಡ್ರಿಯನ್ ಅಂತ ಹಾಲೆಂಡಿನ ಚಿತ್ರಕಾರ, 1872ರಿಂದ 1944. ಅವರ ಗುಂಪು 1917ರಲ್ಲಿ ಒಂದು ಪತ್ರಿಕೆ ಶುರು ಮಾಡಿತು. ಚಿತ್ರದಲ್ಲಿ ನಿಂತ ಗೆರೆ, ಮಲಗಿದ ಗೆರೆ, ಕೆಂಪು, ಹಳದಿ, ನೀಲಿ, ಜೊತೆಗೆ ಕಪ್ಪು, ಬಿಳುಪು, ಬೂದು. ಇಷ್ಟೇ ಸಾಕು ಅಂತ ಮಾಂಡ್ರಿಯನ್ ನಂಬಿದರು. ಮರ, ಮನೆ, ಊರು ಎಲ್ಲವನ್ನೂ ಕಳಚಿದರೆ ಕೊನೆಗೆ ಉಳಿಯೋದು ಈ ಶುದ್ಧವಾದ ಹೊಂದಾಣಿಕೆ, ಬದುಕೂ ಒಂದು ದಿನ ಹಾಗೇ ಆಗುತ್ತದೆ ಅನ್ನೋದು ಅವರ ಆಸೆ. ಜೊತೆಗಾರರಾದ ಡೂಸ್‌ಬರ್ಗ್ ಓರೆ ಗೆರೆ ತಂದಾಗ ಇಬ್ಬರ ನಡುವೆ ಬಿರುಕು ಬಂತು, ಮಾಂಡ್ರಿಯನ್ ಆ ಗುಂಪಿನಿಂದ ದೂರವಾದರು. ಒಂದು ಓರೆ ಗೆರೆಗೆ ಅಷ್ಟು ಬೆಲೆ! ನನಗೆ ಅದು ಚೆನ್ನಾಗಿ ಅರ್ಥವಾಯಿತು. ಡ್ರಾಯಿಂಗ್ ಶಾಖೆಯವರಿಗೆ ಅದು ಅರ್ಥವಾಗುತ್ತದೆ.

ಮನೆಗೆ ಬಂದ ಮೇಲೆ ಮೊಮ್ಮಗಳ ಫೋನಿನಲ್ಲಿ ಮಾಂಡ್ರಿಯನ್ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದೆ. ದೂರಕ್ಕೆ ಅಚ್ಚು ಹಾಕಿದ ಹಾಗೆ ಕಾಣುವ ಬಿಳಿಯಲ್ಲಿ ಬ್ರಶ್ಶಿನ ಗುರುತುಗಳಿವೆ, ಒಂದೊಂದು ಮನೆಯಲ್ಲಿ ಒಂದೊಂದು ದಿಕ್ಕಿಗೆ. ಕೆಲವು ಚಿತ್ರಗಳಲ್ಲಿ ಕಪ್ಪು ಗೆರೆ ಅಂಚು ಮುಟ್ಟುವ ಮೊದಲೇ ನಿಂತುಬಿಡುತ್ತದೆ. ಅವರೂ ಕೈಯಲ್ಲೇ ಮಾಡಿದವರು ಅಂತ ಆಗ ಅನಿಸಿತು. ಇನ್ನೊಂದು ವಿಷಯ ಹುಡುಗಿಯೇ ಹೇಳಿದ್ದು. ರಷ್ಯಾದ ಮಾಲೆವಿಚ್ 1915ರಲ್ಲಿ ಬರೀ ಒಂದು ಕಪ್ಪು ಚೌಕ ಬರೆದು, ಅಲ್ಲಿನ ಮನೆಗಳಲ್ಲಿ ದೇವರ ಪಟ ಇಡುವ ಹಾಗೆ ಗೋಡೆಯ ಮೇಲ್ಮೂಲೆಗೆ ತೂಗುಹಾಕಿದರು. ಎಲ್ಲ ಹಳೆಯದು ಮುಗಿಯಿತು, ಇಲ್ಲಿಂದ ಹೊಸದು ಅಂತ. ಈಗ ಆ ಕಪ್ಪು ಬಿರುಕು ಬಿಟ್ಟಿದೆ. 2015ರಲ್ಲಿ ಮಾಸ್ಕೋದ ಮ್ಯೂಸಿಯಮ್ಮಿನವರು ಎಕ್ಸ್‌ರೇ ಹಿಡಿದು ನೋಡಿದಾಗ ಕಪ್ಪಿನ ಅಡಿಯಲ್ಲಿ ಬಣ್ಣಬಣ್ಣದ ಬೇರೆ ಚಿತ್ರಗಳು ಕಂಡವು. ಖಾಲಿ ಹಾಳೆಯಿಂದ ಶುರು ಮಾಡಿದ್ದೇವೆ ಅಂತ ಹೇಳಿದ ಚಿತ್ರದ ಅಡಿಯಲ್ಲೂ ಹಳೆಯದು ಇತ್ತು. ನನ್ನ ಗೋಡೆಯ ಮೇಲಿನ ಚಿತ್ರ ಹಿಡಿದುಕೊಂಡಿರೋದು ಇದೇ ಎಳೆಯನ್ನ.

ಇನ್ನು ಬಳಕೆಯ ವಿಷಯ. ತರೋದು ಕಷ್ಟವಾಯಿತು. ನಾಲ್ಕಡಿಯ ಕ್ಯಾನ್ವಾಸ್ ಆಟೋದಲ್ಲಿ ನೆಟ್ಟಗೆ ಹಿಡಿಯೋದಿಲ್ಲ, ಓರೆ ಮಾಡಿ ಇಟ್ಟು ನಾನು ಮೂಲೆಗೆ ಒತ್ತಿಕೊಂಡು ಕೂತೆ. ತರುವವರು ಬೆಡ್‌ಶೀಟ್ ಒಂದು ತೆಗೆದುಕೊಂಡು ಹೋಗಿ. ಪೇಪರ್ ಸುತ್ತಿದರೆ ಬಿಸಿಲಿಗೆ ಅಕ್ರಿಲಿಕ್ ಮೆತ್ತಗಾಗಿ ಅಂಟಿಕೊಳ್ಳುತ್ತದೆ.

ಫ್ರೇಮ್ ಹಾಕಿಸಿದ್ದು ನನ್ನ ತಪ್ಪು. ಅಂಗಡಿಯ ಹೆಸರು ಬೇಡ. 3,800 ರೂಪಾಯಿ ತೆಗೆದುಕೊಂಡು, ದಪ್ಪ ಚಿನ್ನದ ಬಣ್ಣದ ಪಟ್ಟಿ, ಮೇಲೆ ಗಾಜು ಹಾಕಿ ಕೊಟ್ಟರು. ನಾನು ಹೇಳಿದ್ದು ಸಾದಾ ಮರದ ಪಟ್ಟಿ. ಗಾಜಿನಲ್ಲಿ ಕಿಟಕಿ ಕಾಣುತ್ತಿತ್ತು, ಚಿತ್ರ ಕಾಣುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ಹುಡುಗಿ ಕ್ಯಾನ್ವಾಸಿನ ಪಕ್ಕದ ಒಂದೂವರೆ ಇಂಚಿನಲ್ಲೂ ಬಣ್ಣ ಬಿಟ್ಟಿದ್ದಳು. ಮುಂದೆ ಬಿಳಿಯಾಗಿದ್ದದ್ದು ಅಲ್ಲಿ ಬಿಳಿಯಲ್ಲ, ಅಡಿಯ ನೀಲಿ, ಮಣ್ಣುಬಣ್ಣ, ಒಂದರ ಮೇಲೊಂದು ಪದರ ಪದರವಾಗಿ, ಬಾವಿ ತೋಡಿದಾಗ ಪಕ್ಕದಲ್ಲಿ ಕಾಣುವ ಹಾಗೆ. ಫ್ರೇಮ್ ಅದನ್ನೆಲ್ಲ ಮುಚ್ಚಿತ್ತು. ಎರಡು ವಾರ ನೋಡಿ ಬಿಚ್ಚಿಸಿದೆ. ಹಣ ವಾಪಸ್ ಬರಲಿಲ್ಲ. ಈಗ ಬರೀ ಕ್ಯಾನ್ವಾಸ್ ಗೋಡೆಯ ಮೇಲಿದೆ. ಪಕ್ಕದ ಅಂಚಿಗೆ ಬಣ್ಣ ಇದ್ದರೆ ಫ್ರೇಮ್ ಹಾಕಿಸಬೇಡಿ.

ಯಾವ ಕಡೆ ಮೇಲೆ ಅನ್ನೋದು ಅಮೂರ್ತ ಚಿತ್ರ ತಂದವರೆಲ್ಲ ಕೇಳುವ ಪ್ರಶ್ನೆ. ನಾಚಿಕೆ ಪಡಬೇಕಾಗಿಲ್ಲ. ಮಾಂಡ್ರಿಯನ್ 1941ರಲ್ಲಿ ಬಣ್ಣದ ಟೇಪುಗಳನ್ನು ಅಂಟಿಸಿ ಮಾಡಿದ ಒಂದು ಕೃತಿ ಜರ್ಮನಿಯ ಡುಸೆಲ್‌ಡಾರ್ಫ್ ಊರಿನಲ್ಲಿದೆ. ಅದು ದಶಕಗಳಿಂದ ತಲೆಕೆಳಗಾಗಿ ತೂಗುತ್ತಿದೆ ಅಂತ 2022ರಲ್ಲಿ ಅಲ್ಲಿನ ಕ್ಯುರೇಟರೇ ಹೇಳಿದರು. ತಿರುಗಿಸಿದರೆ ಹಳೇ ಟೇಪ್ ಕಿತ್ತುಬರಬಹುದು ಅಂತ ಹಾಗೇ ಬಿಟ್ಟಿದ್ದಾರೆ. ನಮ್ಮ ಹುಡುಗಿ ಹಿಂದೆ ಬಾಣದ ಗುರುತು ಹಾಕಿದ್ದಾಳೆ, ಸಹಿ, ಇಸವಿ ಎಲ್ಲ ಇದೆ. ಕೊಳ್ಳುವಾಗ ಇದನ್ನು ನೋಡಿಕೊಳ್ಳಿ.

ಮಳೆಗಾಲದಲ್ಲಿ ನಮ್ಮ ಗೋಡೆ ತೇವ ಹಿಡಿಯುತ್ತದೆ. ಜುಲೈ ಹೊತ್ತಿಗೆ ಕ್ಯಾನ್ವಾಸ್ ಸಡಿಲವಾಗಿ ಕೆಳಗೆ ಬಲಮೂಲೆಯಲ್ಲಿ ನೆರಿಗೆ ಬಂತು. ಹೆದರಿದೆ. ಹಿಂದೆ ತಿರುಗಿಸಿ ನೋಡಿದರೆ ಮರದ ಚೌಕಟ್ಟಿನ ನಾಲ್ಕೂ ಮೂಲೆಯಲ್ಲಿ ಸಣ್ಣ ಬೆಣೆಗಳಿವೆ. ಲಟ್ಟಣಿಗೆಯ ತುದಿಯಿಂದ ಮೆಲ್ಲಗೆ ತಟ್ಟಿದೆ, ಚರ್ಮದ ಹಾಗೆ ಬಿಗಿಯಾಯಿತು. ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡಲಿ ಅಂತ ಹಿಂದೆ ಎರಡು ಕಾರ್ಕ್ ತುಂಡು ಅಂಟಿಸಿದ್ದೇನೆ. ಬಣ್ಣ ಎಲ್ಲೂ ಬಿರಿದಿಲ್ಲ, ಮಾಸಿಲ್ಲ. ಒರೆಸೋದಕ್ಕೆ ಒಣಗಿದ ಮೆತ್ತನೆ ಬ್ರಶ್ ಸಾಕು.

ಕುಂದೂ ಇದೆ, ಹೇಳಲೇಬೇಕು. ಮಧ್ಯದಿಂದ ಸ್ವಲ್ಪ ಎಡಕ್ಕೆ ಹುಡುಗಿ ಬ್ಲೇಡನ್ನು ನಿಲ್ಲಿಸಿ ಹಿಡಿದು ಕೆರೆದಿದ್ದಾಳೆ. ಕ್ಯಾನ್ವಾಸಿನ ದಾರಗಳೇ ಎದ್ದಿವೆ. ಬೆರಳಿಟ್ಟರೆ ತರಚಿದ ಹಾಗೆ ಸಿಗುತ್ತದೆ. ಅದು ಬೇಕಂತ ಮಾಡಿದ್ದಲ್ಲ, ಕೈ ತಪ್ಪಿದ್ದು. ಮುಂದೆ ಅಲ್ಲೇ ಹರಿಯಬಹುದು.

ನನಗೆ ಒಪ್ಪಿಗೆಯಾಗದ ಇನ್ನೊಂದು ಅಂದರೆ ಆ ಗುಲಾಬಿ ಮನೆ. ಕೆಳಗಿನ ಸಾಲಿನಲ್ಲಿ ಒಂದೇ ಒಂದು ಮನೆಗೆ ಕಣ್ಣು ಕುಕ್ಕುವ ಗುಲಾಬಿ, ಅದರ ಮೇಲೆ ಗೋಡೆಗೆ ಹೊಡೆಯುವ ಒರಟು ಟೆಕ್ಸ್ಚರ್. ಯಾಕೆ ಅಂತ ಕೇಳಿದಾಗ ಪೀಟರ್ ಹ್ಯಾಲಿ ಹೆಸರು ಹೇಳಿದಳು. ಅವರು ನ್ಯೂಯಾರ್ಕಿನ ಚಿತ್ರಕಾರರು, 1953ರಲ್ಲಿ ಹುಟ್ಟಿದವರು. ಚೌಕವನ್ನು ಶುದ್ಧ ಆಕಾರ ಅಂತ ಹಿಂದಿನವರು ಪೂಜೆ ಮಾಡಿದರು, ಆದರೆ ಚೌಕ ಅಂದರೆ ಜೈಲಿನ ಕೋಣೆಯೂ ಹೌದು, ಆಫೀಸೂ ಹೌದು, ಅಪಾರ್ಟ್‌ಮೆಂಟೂ ಹೌದು ಅಂತ 1980ರ ದಶಕದಲ್ಲಿ ಹೇಳಿದವರು. ಚೌಕಗಳಿಗೆ ಕಿಟಕಿಯ ಸರಳು ಬಿಡಿಸಿದರು, ಒಂದರಿಂದ ಒಂದಕ್ಕೆ ಪೈಪಿನಂಥ ಗೆರೆ ಎಳೆದರು. ಹೊಳೆಯುವ ಫ್ಲೋರೆಸೆಂಟ್ ಬಣ್ಣ, ಅಮೆರಿಕದ ಮನೆಗೋಡೆಗಳಿಗೆ ಬಳಿಯುವ ಟೆಕ್ಸ್ಚರ್ ಮಸಾಲೆ, ಇವನ್ನೇ ಬಳಸಿದರು. ವಿಚಾರ ನನಗೆ ಹಿಡಿಸಿತು. ನನ್ನ ಮಗ ಮೊದಲ ಸಲ ಈ ಚಿತ್ರ ನೋಡಿ, "ಅಮ್ಮ, ಇದು ನಮ್ಮ ಆಫೀಸಿನ ಸೀಟಿಂಗ್ ಪ್ಲಾನ್ ಥರಾನೇ ಇದೆ" ಅಂದಿದ್ದ. ಹ್ಯಾಲಿಯ ಮಾತೂ ಅದೇ ಅಲ್ವಾ? ಆದರೆ ಈ ಚಿತ್ರಕ್ಕೆ ಆ ಗುಲಾಬಿ ಎರವಲು ತಂದದ್ದು. ಮಿಕ್ಕಿದ್ದೆಲ್ಲ ಅಡಿಯಿಂದ ಮೇಲಕ್ಕೆ ಬಂದಿದೆ, ಅದೊಂದು ಮಾತ್ರ ಮೇಲಿಂದ ಅಂಟಿಸಿದ ಹಾಗಿದೆ. ಒಂದು ವರ್ಷ ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ.

ಜೊತೆಗೆ ಕೊಟ್ಟ ಮುದ್ರಿಸಿದ ಹಾಳೆ ಬರೀ ಇಂಗ್ಲಿಷಿನಲ್ಲಿತ್ತು. ಎರಡು ಸಲ ಓದಿದರೂ ತಿಳಿಯಲಿಲ್ಲ. ಅದನ್ನೇ ಅವಳು ಬಾಯಲ್ಲಿ ಎಷ್ಟು ಚೆನ್ನಾಗಿ ಕನ್ನಡದಲ್ಲಿ ಹೇಳಿದಳು! ಹಾಗೇ ಬರೆದು ಕೊಡಬೇಕಿತ್ತು.

ಈ ಚಿತ್ರ ನನ್ನ ಕೆಲಸವನ್ನು ಬೈಯುತ್ತದೆ ಅಂತ ಕೆಲವರು ಹೇಳಿದರು. ನನಗೆ ಹಾಗೆ ಅನಿಸಿಲ್ಲ. ನಾನಿರುವ ಮನೆಯೂ ಮೂವತ್ತು ನಲವತ್ತರ ಸೈಟಿನಲ್ಲೇ ಇದೆ. ಬಾಡಿಗೆಗೆ ಒಂದೇ ಕೋಣೆಯಲ್ಲಿ ಆರು ಜನ ಇದ್ದವರು ನಾವು. ಎಲ್ಲರಿಗೂ ಒಂದೇ ಅಳತೆಯ ಜಾಗ, ಮುಂದೆ ಮೂವತ್ತಡಿ ರಸ್ತೆ, ಗಾಳಿ ಬೆಳಕು, ಮೂಲೆಗೊಂದು ಪಾರ್ಕು. ಅದು ಸಣ್ಣ ಕನಸಲ್ಲ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಹಾಕಿದವರಿಗೂ, ಆಮೇಲೆ ಚಂಡೀಗಡವನ್ನು ಸೆಕ್ಟರ್ ಸೆಕ್ಟರ್ ಆಗಿ ಗೆರೆ ಹಾಕಿದ ವಾಸ್ತುಶಿಲ್ಪಿ ಲ ಕಾರ್ಬ್ಯುಸಿಯೇಗೂ ಆ ಕನಸು ಇತ್ತು. ನೇರ ಗೆರೆಯಲ್ಲಿ ಒಂದು ನ್ಯಾಯ ಇದೆ. ಆದರೆ ನಕ್ಷೆ ಹಾಕುವಾಗ ಹಾಳೆ ಖಾಲಿ ಇದೆ ಅಂದುಕೊಂಡೆವು. ಹಾಳೆ ಖಾಲಿ ಇರಲಿಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣದ ಜಾಗದಲ್ಲಿ ಧರ್ಮಾಂಬುಧಿ ಕೆರೆ ಇತ್ತು. ಕಂಠೀರವ ಸ್ಟೇಡಿಯಂ ಇರೋದು ಸಂಪಂಗಿ ಕೆರೆಯ ಅಂಗಳದಲ್ಲಿ. ನಮ್ಮ ಬಡಾವಣೆಯ ಕೊನೇ ಅಡ್ಡರಸ್ತೆಯಲ್ಲಿ ಜೋರು ಮಳೆ ಬಂದರೆ ನೀರು ಇವತ್ತಿಗೂ ಹಳೇ ದಾರಿ ಹುಡುಕಿಕೊಂಡು ಬರುತ್ತದೆ, ಓರೆಯಾಗಿ, ಮೂರು ಮನೆಗಳ ಕಾಂಪೌಂಡ್ ದಾಟಿ. ಈ ಚಿತ್ರ ಕಪ್ಪು ಚೌಕುಳಿಯನ್ನು ಅಳಿಸಿ ಹಾಕಿಲ್ಲ. ನೀಲಿ ಪಟ್ಟಿಯನ್ನು ಮುಚ್ಚಿಟ್ಟೂ ಇಲ್ಲ. ಎರಡನ್ನೂ ಒಂದೇ ಕ್ಯಾನ್ವಾಸಿನಲ್ಲಿ ಇಟ್ಟಿದೆ. ನನ್ನ 18,000 ರೂಪಾಯಿ ಅದಕ್ಕೇ ಹೋಗಿದ್ದು, ನನಗೆ ತೃಪ್ತಿ ಇದೆ.

ಸೊಪ್ಪು ಮಾರುವ ಅಜ್ಜಿ ಒಬ್ಬರು ವಾರಕ್ಕೆರಡು ಸಲ ಬರುತ್ತಾರೆ. ಈ ಬಡಾವಣೆ ಆಗುವ ಮೊದಲಿನ ಹಳ್ಳಿಯವರು. ಒಂದು ದಿನ ಚಿಲ್ಲರೆ ತರೋಕೆ ನಾನು ಒಳಗೆ ಹೋದಾಗ ಬಾಗಿಲಲ್ಲೇ ನಿಂತು ಚಿತ್ರವನ್ನು ನೋಡುತ್ತಿದ್ದರು. "ಇದು ಗೋಡಿನ ಬಣ್ಣ ಕಣವ್ವ" ಅಂದರು, ಕೆರೆದ ಜಾಗದ ಆ ಮಣ್ಣುಬಣ್ಣ ತೋರಿಸಿ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅಡಿಯ ಗೋಡನ್ನು ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರಂತೆ. ಒಣಗಿದಾಗ ಹೀಗೆ, ನೆನೆದಾಗ ಇನ್ನೂ ಕಪ್ಪು ಅಂದರು. ಚೌಕುಳಿಯ ಬಗ್ಗೆ ಏನೂ ಹೇಳಲಿಲ್ಲ.

ಇದೇ ದಾರಿಯಲ್ಲಿ ಇನ್ನೂ ನೋಡಬೇಕು ಅನ್ನುವವರಿಗೆ ನಸ್ರೀನ್ ಮೊಹಮದಿ ಅವರ ಹೆಸರು ಹೇಳುತ್ತೇನೆ. 1937ರಲ್ಲಿ ಕರಾಚಿಯಲ್ಲಿ ಹುಟ್ಟಿ, ಬರೋಡಾದ ಕಲಾಶಾಲೆಯಲ್ಲಿ ಪಾಠ ಮಾಡಿ, 1990ರಲ್ಲಿ ತೀರಿಕೊಂಡರು. ಬರೀ ಪೆನ್ಸಿಲು, ಇಂಕು, ಕಾಗದ. ನಮ್ಮ ಶಾಖೆಯಲ್ಲಿದ್ದಂಥ ಡ್ರಾಫ್ಟಿಂಗ್ ಸಾಮಾನುಗಳನ್ನೇ ಇಟ್ಟುಕೊಂಡು ಕೂದಲೆಳೆಯಂಥ ಗೆರೆ ಎಳೆದವರು. ಕೊನೆಯ ವರ್ಷಗಳಲ್ಲಿ ನರದ ಕಾಯಿಲೆಯಿಂದ ಕೈಕಾಲು ಹಿಡಿತ ತಪ್ಪುತ್ತಿತ್ತು, ಗೆರೆ ಮಾತ್ರ ತಪ್ಪಲಿಲ್ಲ. ಹೆಚ್ಚಿನ ಚಿತ್ರಗಳಿಗೆ ಹೆಸರಿಲ್ಲ, ಇಸವಿಯೂ ಇಲ್ಲ. 2016ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತನ್ನ ಹೊಸ ಶಾಖೆಯನ್ನು ತೆರೆದಾಗ ಮೊದಲ ಪ್ರದರ್ಶನಗಳಲ್ಲಿ ಇವರದೂ ಒಂದು. ಅವರ ಗೆರೆಗಳ ಫೋಟೋ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಯಾವ ಪೆನ್ನು ಹಿಡಿದು ಸಂಬಳಕ್ಕೆ ಗೆರೆ ಎಳೆದೆನೋ ಅಂಥದೇ ಪೆನ್ನಿನಲ್ಲಿ ಇದೂ ಆಗುತ್ತದಾ ಅಂತ. ನಮ್ಮ ಊರಿನಲ್ಲಿ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಕೊಳ್ಳುವ ಮೊದಲು ಅಲ್ಲಿ ಒಂದು ಮಧ್ಯಾಹ್ನ ಓಡಾಡಿ. ನಾನು ತಂದ ಮೇಲೆ ಹೋದೆ. ಮೊದಲೇ ಹೋಗಿದ್ದರೆ ಫ್ರೇಮಿನ ದುಡ್ಡು ಉಳಿಯುತ್ತಿತ್ತು.

ತೂಗುಹಾಕುವ ಜಾಗ ಪೂರ್ವದ ಕಿಟಕಿಯ ಪಕ್ಕದ ಗೋಡೆ ಆದರೆ ಒಳ್ಳೆಯದು. ಬೆಳಗ್ಗೆ ಏಳೂವರೆಯಿಂದ ಎಂಟೂಕಾಲರವರೆಗೆ ಬೆಳಕು ಪಕ್ಕದಿಂದ ಬೀಳುತ್ತದೆ. ಆಗ ಕೆರೆದ ಜಾಗಗಳೆಲ್ಲ ಎದ್ದು ಕಾಣುತ್ತವೆ. ರಾತ್ರಿ ಟ್ಯೂಬ್‌ಲೈಟಿನಲ್ಲಿ ಬರೀ ಚೌಕುಳಿ, ಜೊತೆಗೆ ಆ ಗುಲಾಬಿ.

ಈ ಜನವರಿಯಲ್ಲಿ ಮತ್ತೆ ಹೋದೆ. ಅವಳು ಅದೇ ಸಾಲಿನಲ್ಲಿದ್ದಳು. ಈ ಸಲ ಸಣ್ಣ ಚಿತ್ರಗಳು, ಟ್ರೇಸಿಂಗ್ ಪೇಪರಿನ ಮೇಲೆ ಇಂಕು. ಎರಡು ಕಡೆ ಕಾಗದ ತೂತಾಗಿತ್ತು. ಕಚೇರಿಯ ದಿನಗಳ ನನ್ನ ತಗಡಿನ ಡಬ್ಬಿಯನ್ನು ತೆಗೆದುಕೊಂಡು ಹೋಗಿದ್ದೆ. ಎರಡು ಪೆನ್ನು, ಸೆಟ್ ಸ್ಕ್ವೇರು, ಒಂದು ಪೊಟ್ಟಣ ಬ್ಲೇಡು. ಸ್ಟಾಲಿನ ಹಿಂದೆ ಮಡಚುವ ಕುರ್ಚಿಯಲ್ಲಿ ಕೂರಿಸಿದಳು. ಬ್ಲೇಡನ್ನು ಅರ್ಧಕ್ಕೆ ಮುರಿದು ತೋರಿಸಿದೆ.

"ನಿಲ್ಲಿಸಿ ಹಿಡಿಯಬಾರದಮ್ಮ. ಮಲಗಿಸು. ಇನ್ನೂ. ಕಾಗದಕ್ಕೆ ಹೀಗೆ ತಾಗಬೇಕು, ತಾಗಿದ್ದು ನಿನಗೇ ಗೊತ್ತಾಗಬಾರದು."

ಅವಳು ಒಂದು ಸಲ ಎಳೆದಳು. ಕಪ್ಪು ಪುಡಿ ಎದ್ದಿತು. ಊದಿದಳು.